ವಿಮ್ ಟೆಕ್ಸ್ಟ್ ಎಡಿಟರ್‌ನಲ್ಲಿ ಸೆಟ್ಟಿಂಗ್ಸ್ ರೀಲೋಡ್ ವಿಪರೀತ ಸ್ಲೋ, ಅನುಭವ ಇರೋರು ಹೇಳಿ

ಹೊಸಬ_ಟರ್ಮಿನಲ್: ಆಫೀಸ್ ಸರ್ವರ್ ಸೆಂಟ್‌ಓಎಸ್ 7 (ಲಿನಕ್ಸ್), ವಿಮ್ 7.4. ವಿಮ್‌ಆರ್‌ಸಿ (ಸೆಟ್ಟಿಂಗ್ಸ್ ಫೈಲ್) ಸೇವ್ ಮಾಡಿದ್ರೆ ತಾನಾಗೇ ಸೋರ್ಸ್ ಆಗ್ಲಿ, ಅಂದ್ರೆ ಮತ್ತೆ ಲೋಡ್ ಆಗ್ಲಿ ಅಂತ ಒಂದು ಆಟೋಕಮಾಂಡ್ (ಸೇವ್ ಥರದ್ದು ನಡೆದಾಗ ತಾನಾಗೇ ಓಡೋ ಕಮಾಂಡ್) ಹಾಕಿದೀನಿ. ಬೆಳಗ್ಗೆ ಸರಿಯಿರತ್ತೆ, ಮಧ್ಯಾಹ್ನದಷ್ಟೊತ್ತಿಗೆ ಸೇವ್ ಕೊಟ್ರೆ ಕರ್ಸರ್ ಅಲ್ಲಾಡಲ್ಲ. ಮುಚ್ಚಿ ತೆಗೆದ್ರೆ ಮತ್ತೆ ಸರಿ. ಏನ್ ಮಾಡ್ಲಿ?

ಗರುಡಪಾತಾಳ: ಡಿಸ್ಕ್ ಬದಲಾಯಿಸಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ. ನನಗೂ ಹಂಗೇ ಹೇಳಿದ್ರು. ಎಸ್‌ಎಸ್‌ಡಿಗೆ 3,600, ಕೂರಿಸಿದವನಿಗೆ 500, ಅವನು ಹಿಂದಿನ ಕವರ್ ಕ್ಲಿಪ್ ಮುರಿದಿದ್ದಕ್ಕೆ ಇನ್ನೊಂದು 850, ಒಂದು ಶನಿವಾರ ಪೂರ್ತಿ ಬ್ಯಾಕಪ್ಪಿಗೇ ಹೋಯ್ತು, ಆದ್ರೂ ವಿಮ್ ಹಂಗೇ ತೆವಳ್ತಿತ್ತು. ಕೊನೆಗೆ ಓಪನ್ ಆಗೋವಾಗ ಯಾವುದಕ್ಕೆ ಎಷ್ಟು ಟೈಮ್ ಹೋಯ್ತು ಅಂತ ಬರೆಯೋ ಸ್ಟಾರ್ಟಪ್‌ಟೈಮ್ ಆಪ್ಷನ್ ಕೊಟ್ಟು ಲಾಗ್ ತೆಗೆದ್ರೆ 'ಸೆಟಪ್ ಕ್ಲಿಪ್‌ಬೋರ್ಡ್' ಅನ್ನೋ ಒಂದೇ ಲೈನ್ ಎಲ್ಲಾ ಟೈಮ್ ತಿಂತಾ ಇತ್ತು. ಎಸ್‌ಎಸ್‌ಎಚ್‌ನಲ್ಲಿ ಎಕ್ಸ್ ಫಾರ್ವರ್ಡಿಂಗ್ (ದೂರದ ಸರ್ವರ್‌ನ ವಿಂಡೋಗಳನ್ನ ನಮ್ಮ ಸ್ಕ್ರೀನ್‌ಗೆ ತರೋದು) ಆನ್ ಇತ್ತಲ್ಲ, ವಿಮ್ ಎಕ್ಸ್ ಸರ್ವರ್ ಹುಡುಕ್ಕೊಂಡು ಕೂತಿರ್ತಿತ್ತು. ವಿಮ್‌ಗೆ ಅದನ್ನ ಹುಡುಕ್ಬೇಡ ಅನ್ನೋ ದೊಡ್ಡಕ್ಷರದ ಎಕ್ಸ್ ಆಪ್ಷನ್ ಕೊಟ್ಟೆ, ಮುಗೀತು. ಆ ದುಡ್ಡು ಯಾರು ಕೊಡ್ತಾರೆ?

ಮಲೆನಾಡು_ಶೆಲ್: ಗುರುಗಳೇ, ಅವರು ಕೇಳಿರೋದು ಓಪನ್ ಆಗೋದಲ್ಲ, ರೀಲೋಡ್. ವಿಮ್‌ಆರ್‌ಸಿ ಮತ್ತೆ ಸೋರ್ಸ್ ಮಾಡಿದ್ರೆ ಹಳೇ ಆಟೋಕಮಾಂಡ್ ಅಳಿಯಲ್ಲ, ಮೇಲಿಂದ ಇನ್ನೊಂದು ಸೇರ್ಕೊಳತ್ತೆ. ಸೋರ್ಸ್ ಮಾಡೋ ಲೈನೇ ಅದ್ರಲ್ಲಿದ್ರೆ ಒಂದು ಸೇವ್‌ಗೆ 2, ಆಮೇಲೆ 4, 8, ಹತ್ತು ಸೇವ್ ಆದ್ಮೇಲೆ 1024. ನಮ್ಮ ಟೀಮ್‌ನಲ್ಲಿ ನೆಟ್‌ವರ್ಕ್ ಬೈದ್ರು, ಅಡ್ಮಿನ್‌ನ ಬೈದ್ರು, ಹೋಮ್ ಫೋಲ್ಡರ್ ಎನ್‌ಎಫ್‌ಎಸ್‌ನಲ್ಲಿದೆ (ನೆಟ್‌ವರ್ಕ್ ಮೇಲಿನ ಡಿಸ್ಕ್) ಅಂತ ಟಿಕೆಟ್ ಹಾಕಿ ಮೂರು ವಾರ ಕಾದ್ರು. ನಾನು ಎಲ್ಲಾನೂ ಒಂದು ಆಗ್ರೂಪ್ (ಆಟೋಕಮಾಂಡ್‌ಗಳ ಗುಂಪು) ಒಳಗೆ ಹಾಕಿ, ಮೊದಲ ಲೈನಲ್ಲೇ 'ಆಟೋಸಿಎಂಡಿ' ಜೊತೆ ಆಶ್ಚರ್ಯಸೂಚಕ ಚಿಹ್ನೆ ಕೊಟ್ಟು ಹಳೇದನ್ನ ಗುಡಿಸಿದೆ. ಅವತ್ತಿಂದ ಒಬ್ರೂ ಕಂಪ್ಲೇಂಟ್ ಮಾಡಿಲ್ಲ.

ಗರುಡಪಾತಾಳ: ಕೇಳಿದ್ದು ಏನು ಅಂತ ನನಗೂ ಓದೋಕೆ ಬರತ್ತೆ. ಲಾಗ್ ತೆಗೀದೆ ಇದೇ ಕಾರಣ ಅಂತ ಹೆಂಗ್ ಹೇಳ್ತೀರಾ?

ಮಲೆನಾಡು_ಶೆಲ್: ಮುಚ್ಚಿ ತೆಗೆದ್ರೆ ಸರಿಹೋಗತ್ತೆ ಅಂತ ಅವರೇ ಬರ್ದಿದಾರಲ್ಲ ಸ್ವಾಮಿ, ಇನ್ನೇನ್ ಬೇಕು?

ಲಿಸ್ಪ್_ಅಜ್ಜ: ನಾನು ಇದೆಲ್ಲ ಸಾಕಾಗಿ ಈಮ್ಯಾಕ್ಸ್ ಅನ್ನೋ ಇನ್ನೊಂದು ಎಡಿಟರ್‌ಗೆ ಹೋದೋನು. ಕಂಟ್ರೋಲ್ ಕೀ ಒತ್ತಿ ಒತ್ತಿ ಕಿರುಬೆರಳು ನೋವು ಬಂತು, ಮುಲಾಮು ಹಚ್ಚಿದೆ, ಆ ಕೀನ ಕ್ಯಾಪ್ಸ್‌ಲಾಕ್ ಜಾಗಕ್ಕೆ ತಂದೆ. ಅದ್ರ ಸೆಟ್ಟಿಂಗ್ಸ್ ಇರೋ ಇನಿಟ್ ಫೈಲನ್ನ ಬೈಟ್ ಕಂಪೈಲ್ ಮಾಡಿಟ್ರೆ (ಬೇಗ ಓದೋ ರೂಪಕ್ಕೆ ತಂದಿಟ್ರೆ) ಬೇಗ ಲೋಡ್ ಆಗತ್ತೆ ನಿಜ, ಆದ್ರೆ ಮೂಲ ಫೈಲ್ ತಿದ್ದಿದ್ರೂ ಅದು ಹಳೇ ಕಂಪೈಲ್ ಆಗಿರೋದನ್ನೇ ಎತ್ಕೊಳತ್ತೆ, ಬದಲಾವಣೆ ಯಾಕೆ ಕಾಣ್ತಿಲ್ಲ ಅಂತ ಅರ್ಧ ದಿನ ತಲೆ ಚಚ್ಕೊಂಡೆ. ಈಗ ಈಮ್ಯಾಕ್ಸನ್ನ ಡೀಮನ್ ಆಗಿ, ಅಂದ್ರೆ ಹಿನ್ನೆಲೆಯಲ್ಲಿ ಸದಾ ಓಡಿಸ್ತೀನಿ, ಕಣ್ಣು ಮಿಟುಕಿಸೋದ್ರಲ್ಲಿ ವಿಂಡೋ ಬರತ್ತೆ. ಬಿಟ್ಟು ಬನ್ನಿ, ವಿಮ್ ಬರೆದ ಬ್ರಾಮ್ ಮೂಲೆನಾರ್ ಕೂಡ 2023ರಲ್ಲಿ ಹೋದ್ರು, ಇನ್ನು ಅದನ್ನ ಯಾರು ನೋಡ್ಕೊಳ್ತಾರೆ?

ಮಲೆನಾಡು_ಶೆಲ್: ತೀರ್ಕೊಂಡೋರ ಹೆಸರು ತಂದು ಎಡಿಟರ್ ಮಾರ್ಬೇಡಿ ಅಜ್ಜ. 2024ರ ಜನವರಿಯಲ್ಲಿ ವಿಮ್ 9.1 ಬಂತು, ಅವರಿಗೇ ಅರ್ಪಿಸಿದ್ರು. ಬರೀ ವಿಮ್ ಅಂತ ಟೈಪ್ ಮಾಡಿ ನೋಡಿ, ಉಗಾಂಡದ ಬಡ ಮಕ್ಕಳಿಗೆ ಸಹಾಯ ಮಾಡಿ ಅಂತ ಬರತ್ತೆ. ಅಂಥ ಮನುಷ್ಯನ ಕೆಲಸ ಅದು.

ಲಿಸ್ಪ್_ಅಜ್ಜ: ಅವರ ಮೇಲೆ ಗೌರವ ನನಗೂ ಇದೆ ಕಣಪ್ಪ. ಆದ್ರೆ ಇವರ ಸರ್ವರ್‌ನಲ್ಲಿರೋದು 2013ರ 7.4, ನಿನ್ನ 9.1 ಅಲ್ಲ.

ಗರುಡಪಾತಾಳ: ಮೊದಲು ಲಾಗ್ ಹಾಕ್ರೀ ಇಲ್ಲಿ, ಆಮೇಲೆ ಜಗಳ ಆಡೋಣ.