ಕೂಲಂಟ್ ನಿಧಾನಕ್ಕೆ ಇಳೀತಿದೆ, ಸೋರೋ ಜಾಗ ಸಿಗ್ತಿಲ್ಲ

ಘಾಟಿ_ಗಾಡಿ
1.2 ಪೆಟ್ರೋಲ್ ಹ್ಯಾಚ್‌ಬ್ಯಾಕ್, 2014ರ ಮಾಡೆಲ್. ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಜಾರಿನಲ್ಲಿ ಮ್ಯಾಕ್ಸ್ ಗೆರೆಗೆ ತುಂಬಿಸಿದ ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಕೆಲವು ವಾರದಲ್ಲಿ ಮಿನ್‌ಗೆ ಬರ್ತದೆ. ಓಡಾಟ ಮಡಿಕೇರಿ–ಗೋಣಿಕೊಪ್ಪ, ಆಗಾಗ ಸಂಪಾಜೆ ಘಾಟಿ. ಟೆಂಪರೇಚರ್ ಮುಳ್ಳು ಏರಿಲ್ಲ. ಈ ಮಳೆಯಲ್ಲಿ ಗಾಡಿ ಅಡಿ ಯಾವಾಗ್ಲೂ ಒದ್ದೆ, ಯಾವ ಹನಿ ಎಲ್ಲಿಂದ ಬಿತ್ತು ಅಂತ ಗೊತ್ತಾಗಲ್ಲ. ಗ್ಯಾರೇಜಲ್ಲಿ ನೇರವಾಗಿ ರೇಡಿಯೇಟರ್ ಬದಲಿಸಿ ಅಂತಿದ್ದಾರೆ. ಅದಕ್ಕೂ ಮೊದಲು ಏನು ನೋಡ್ಬೇಕು?

ಸ್ಪ್ಯಾನರ್‌ಪೆಟ್ಟಿಗೆ
ರೇಡಿಯೇಟರ್‌ಗೆ ಈಗಲೇ ದುಡ್ಡು ಸುರಿಯಬೇಡಿ ಸರ್. ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ತೆಗೀರಿ. ಮೇಲೆ 0.9 ಅಥವಾ 1.1 ಅಂತ ಇರ್ತದೆ, ಅದು ಬಾರ್ ಲೆಕ್ಕದ ಒತ್ತಡ. ಹೊಸದು ಹಾಕಿದ್ರೆ ಅದೇ ನಂಬರಿನದ್ದೇ ಆಗ್ಬೇಕು. ಕೆಳಗಿನ ರಬ್ಬರ್ ಗಟ್ಟಿಯಾಗಿದ್ರೆ, ಸೀಳಿದ್ರೆ ಕ್ಯಾಪ್ ಒತ್ತಡ ಹಿಡಿಯಲ್ಲ. ಮಡಿಕೇರಿ 1,150 ಮೀಟರ್ ಆಸುಪಾಸು ಎತ್ತರ, ಅಲ್ಲಿ ಬರೀ ನೀರು 96 ಡಿಗ್ರಿಗೇ ಕುದೀತದೆ. ಒತ್ತಡ ನಿಲ್ಲದಿದ್ರೆ ಘಾಟಿ ಹತ್ತುವಾಗ ಕೂಲಂಟ್ ಜಾರಿಗೆ ನುಗ್ಗಿ, ಅಲ್ಲಿಂದ ಓವರ್‌ಫ್ಲೋ ಪೈಪಲ್ಲಿ ರಸ್ತೆಗೆ ಹೋಗ್ತದೆ. ಮನೆಗೆ ಬಂದು ಅಡಿ ನೋಡಿದ್ರೆ ಏನೂ ಇರಲ್ಲ.

ಅದೇ ಕ್ಯಾಪಿನ ನಡುವೆ ಇರೋ ಸಣ್ಣ ವಾಲ್ವ್ ಅಂಟಿಕೊಂಡಿದ್ರೆ ಉಲ್ಟಾ ತೊಂದರೆ: ಜಾರಿಗೆ ಹೋದದ್ದು ತಣ್ಣಗಾದ ಮೇಲೆ ವಾಪಸ್ ಬರಲ್ಲ. ಜಾರು ತುಂಬಿರ್ತದೆ, ರೇಡಿಯೇಟರ್ ಖಾಲಿ. ಹಾಗಾಗಿ ಜಾರೊಂದನ್ನೇ ನಂಬಬೇಡಿ, ಕ್ಯಾಪ್ ತೆಗೆದು ಒಳಗೂ ನೋಡಿ. ಮಟ್ಟ ಅಳೆಯೋದು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಪ್ರತಿ ಸಲ ಒಂದೇ ಜಾಗದಲ್ಲಿ. ನಮ್ಮ ಕಡೆ ಅಂಗಳ ಇಳಿಜಾರು, ಗಾಡಿ ತಿರುಗಿಸಿ ನಿಲ್ಲಿಸಿದ್ರೂ ಗೆರೆ ಬೇರೆ ಕಾಣ್ತದೆ.

ಆಮೇಲೆ ಪ್ರೆಶರ್ ಟೆಸ್ಟರ್. ತಣ್ಣನೆ ಇಂಜಿನ್‌ಗೆ ಕ್ಯಾಪ್ ಜಾಗದಲ್ಲಿ ಕೂರಿಸಿ, ಕ್ಯಾಪಿನ ನಂಬರಿನಷ್ಟೇ ಪಂಪ್ ಮಾಡಿ 15 ನಿಮಿಷ ಬಿಡಿ. ಮುಳ್ಳು ಇಳಿದ್ರೆ ಎಲ್ಲೋ ದಾರಿ ಇದೆ. ಅದಕ್ಕಿಂತ ಜಾಸ್ತಿ ಪಂಪ್ ಮಾಡಿದ್ರೆ ಹಳೇ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಾಯಿ ಬಿಡಬಹುದು.

ಘಾಟಿ_ಗಾಡಿ
ಹತ್ತಿರದ ಗ್ಯಾರೇಜಲ್ಲಿ ಟೆಸ್ಟರ್ ಇಲ್ಲ. ಇಲ್ಲದೆ ಹುಡುಕಕ್ಕಾಗ್ತದಾ?

ಸ್ಪ್ಯಾನರ್‌ಪೆಟ್ಟಿಗೆ
ಆಗ್ತದೆ, ತಾಳ್ಮೆ ಬೇಕು. ಗಾಡಿ ಶೆಡ್ಡಿನೊಳಗೆ ಹಾಕಿ, ಅಡಿಯಲ್ಲಿ ಒಣ ರಟ್ಟು ಹಾಸಿ. ಹೋಸ್ ತುದಿಗಳು, ಥರ್ಮೋಸ್ಟಾಟ್ ಹೌಸಿಂಗ್ (ಕೂಲಂಟ್ ಹರಿವು ನಿಯಂತ್ರಿಸೋ ವಾಲ್ವಿನ ಗೂಡು), ವಾಟರ್ ಪಂಪ್ ಸುತ್ತ ಬಟ್ಟೆಯಿಂದ ಒರೆಸಿ. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲೋವರೆಗೆ ಇಂಜಿನ್ ಓಡಿಸಿ ಆಫ್ ಮಾಡಿ. ಆಫ್ ಆದ ಮೇಲೂ ಸ್ವಲ್ಪ ಹೊತ್ತು ಬಿಸಿ ಏರ್ತದೆ, ಸೋರಿಕೆ ಮುಖ ತೋರಿಸೋದು ಆಗಲೇ. ಫ್ಯಾನ್ ಮತ್ತೆ ತಾನಾಗೇ ತಿರುಗಬಹುದು, ಕೈ ದೂರ ಇರಲಿ. 10 ನಿಮಿಷ ಬಿಟ್ಟು ಟಾರ್ಚ್ ಹಿಡಿದು, ಬಿಳಿ ಟಿಶ್ಯೂ ಪೇಪರನ್ನು ಒಂದೊಂದೇ ಜಾಯಿಂಟಿಗೆ ಒತ್ತಿ. ಮಳೆನೀರಾದ್ರೆ ಬರೀ ಒದ್ದೆ. ಕೂಲಂಟ್ ಆದ್ರೆ ಹಸಿರೋ ಗುಲಾಬಿಯೋ ಬಣ್ಣ ಹತ್ತಿ, ಬೆರಳಲ್ಲಿ ಉಜ್ಜಿದ್ರೆ ಜಾರ್ತದೆ. ನಾಲಿಗೆಗೆ ಹಚ್ಚಿ ನೋಡಬೇಡಿ, ವಿಷ ಅದು. ರಟ್ಟಿನ ಮೇಲೆ ಬಿದ್ದದ್ದನ್ನೂ ಬಿಡಬೇಡಿ, ಸಿಹಿ ಅಂತ ನಾಯಿ ನೆಕ್ಕಿದ್ರೆ ಕಷ್ಟ.

ಇದನ್ನೇ ಮುಂಜಾನೆ ಚಳಿಯಲ್ಲಿ ಸ್ಟಾರ್ಟ್ ಮಾಡುವ ಮೊದಲೂ ಒಮ್ಮೆ ಮಾಡಿ. ರಬ್ಬರ್ ಕುಗ್ಗಿದಾಗ ಮಾತ್ರ ಸೋರಿ, ಬಿಸಿಯಾದ ಮೇಲೆ ತಾನಾಗೇ ಮುಚ್ಚಿಕೊಳ್ಳೋ ಜಾಯಿಂಟ್ ಇರ್ತದೆ. ಅಂಥ ಕಡೆ ಸ್ಕ್ರೂ ಕ್ಲಾಂಪ್ ಬಿಗಿ ಮಾಡ್ತಾ ಹೋದ್ರೆ ಹೋಸ್ ಕತ್ತರಿಸ್ತದೆ. ಕಂಪನಿಯಿಂದ ಬಂದ ಅಳತೆಯ ಸ್ಪ್ರಿಂಗ್ ಕ್ಲಾಂಪ್ ಹಾಕಿ.

ವಾಟರ್ ಪಂಪಿನ ಅಡಿಭಾಗದಲ್ಲಿ ಸಣ್ಣ ತೂತು ಇರ್ತದೆ. ಅಲ್ಲಿ ಒಣಗಿದ ಬಿಳಿ ಅಥವಾ ಬಣ್ಣದ ಹೆಪ್ಪು ಕಂಡ್ರೆ ಒಳಗಿನ ಸೀಲ್ ಹೋಗಿದೆ, ಪಂಪ್ ಬದಲಿಸಲೇಬೇಕು. ರೇಡಿಯೇಟರಲ್ಲಿ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಕೋರಿಗೆ ಸೇರುವ ಅಂಚು ನೋಡಿ. ಅಲ್ಲಿ ಜಿನುಗಿದ್ದು ಬಿಸಿಗೆ ಆವಿಯಾಗಿ ನೆಲಕ್ಕೆ ಬೀಳೋದೇ ಇಲ್ಲ.

ಮಂಜಿನ_ದಾರಿ
ಹೀಟರ್ ಕೋರ್ ಮರೀಬೇಡಿ, ಅದು ಡ್ಯಾಶ್‌ಬೋರ್ಡ್ ಒಳಗಿರೋ ಪುಟ್ಟ ರೇಡಿಯೇಟರ್, ಬಿಸಿ ಕೂಲಂಟಿನಿಂದ ಒಳಗಿನ ಗಾಳಿ ಬಿಸಿ ಮಾಡ್ತದೆ. ಮಂಜಲ್ಲಿ ಗಾಜಿಗೆ ಬಿಸಿಗಾಳಿ ಬಿಟ್ಟಾಗ ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡು ಪದರ, ಎಡಗಡೆ ಸೀಟಿನ ಮುಂದಿನ ಕಾರ್ಪೆಟ್ ಅಡಿಯಲ್ಲಿ ಜಿಗುಟು ಇದ್ರೆ ಅದೇ. ಎಸಿ ನೀರು ಹೊರಗೆ ತೊಟ್ಟಿಕ್ಕೋದು ಬೇರೆ, ಅದಕ್ಕೆ ಬಣ್ಣವೂ ಇಲ್ಲ, ಜಿಡ್ಡೂ ಇಲ್ಲ. ಸಂಶಯ ಇದ್ರೆ ಇಂಜಿನ್ ತಣ್ಣಗಿರುವಾಗ ಫೈರ್‌ವಾಲ್ (ಇಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಹತ್ತಿರದ ಎರಡು ಹೀಟರ್ ಹೋಸ್ ಬಿಚ್ಚಿ, ಇಂಜಿನ್ ಕಡೆಯ ತುದಿಗಳನ್ನು ಒಂದಕ್ಕೊಂದು ಜೋಡಿಸಿ ಒಂದು ವಾರ ಓಡಿಸಿ. ಮಟ್ಟ ಇಳಿಯೋದು ನಿಂತ್ರೆ ಕಳ್ಳ ಸಿಕ್ಕ. ಅಷ್ಟು ದಿನ ಹೀಟರ್ ಇರಲ್ಲ, ಮಂಜಿಗೆ ಎಸಿಯೇ ಗತಿ.

ಬೋಲ್ಟ್_ನಟ್
ಇಷ್ಟಾದ್ರೂ ಸಿಗದಿದ್ರೆ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್ ಹೋಗಿರಬಹುದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಗಟ್ಟಿಯಾದ್ರೆ ಸಂಶಯ ಪಡಿ. ಬ್ಲಾಕ್ ಟೆಸ್ಟರಿನ (ರೇಡಿಯೇಟರ್ ಬಾಯಿಗೆ ಇಟ್ಟು ಒಳಗಿನ ಗ್ಯಾಸ್ ಪರೀಕ್ಷಿಸೋ ಸಾಧನ) ನೀಲಿ ದ್ರವ ಹಳದಿಗೆ ತಿರುಗಿದ್ರೆ ಸುಟ್ಟ ಗ್ಯಾಸ್ ಕೂಲಂಟಿಗೆ ಬರ್ತಿದೆ ಅಂತ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಲ್ಲಿ ಬಿಳಿ ಆವಿ ಎಲ್ಲ ಗಾಡಿಗೂ ಬರ್ತದೆ, ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಲೀಕ್ ಮುಚ್ಚೋ ಪುಡಿ ಹಾಕಬೇಡಿ, ಹೀಟರ್ ಕೋರಿನ ಸಣ್ಣ ಕೊಳವೆ ಕಟ್ಟಿಕೊಳ್ತದೆ. ಬೋರ್ ನೀರೂ ಬೇಡ. ಕಾನ್ಸಂಟ್ರೇಟ್ ಆದ್ರೆ ಡಿಸ್ಟಿಲ್ಡ್ ವಾಟರ್ ಸಮಪಾಲು, ರೆಡಿಮಿಕ್ಸ್ ಆದ್ರೆ ಹಾಗೇ. ರಿಪೇರಿ ಆದ ಮೇಲೆ ತುಂಬಿಸುವಾಗ ಗಾಡಿ ಮೂತಿ ಏರು ಕಡೆಗಿರಲಿ, ಹೀಟರ್ ಫುಲ್ ಬಿಸಿಗೆ ಇಡಿ, ಒಳಗಿನ ಗಾಳಿ ಬೇಗ ಹೊರಗೆ ಬರ್ತದೆ.