ಪೆರೂಜ್ ಕೋಟೆ ಊರಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ

ಹಾಸನದ ಹುಡುಗಿ: ಮುಂದಿನ ತಿಂಗಳು ಅಪ್ಪ ಅಮ್ಮ ಫ್ರಾನ್ಸ್‌ನ ಲಿಯೋನ್‌ಗೆ ಬರುತ್ತಿದ್ದಾರೆ. ಅರ್ಧ ದಿನ ಹತ್ತಿರದ ಪೆರೂಜ್‌ಗೆ ಹೋಗೋಣ ಅಂತಿದ್ದೇವೆ. ಅಮ್ಮನಿಗೆ ಮಂಡಿ ನೋವು. ನಡೆಯೋಕೆ ಕಷ್ಟವಾ?

ಸ್ಟ್ರಾಲರ್ ಅಪ್ಪ: ನಮ್ಮ ಕಥೆ ಕೇಳಿ. ಲಿಯೋನ್‌ನ ಪಾರ್ ದ್ಯೂ ಸ್ಟೇಷನ್‌ನಿಂದ ರೈಲು, ಅರ್ಧ ಗಂಟೆ ಚಿಲ್ಲರೆ. ಮೆಕ್ಸಿಮಿಯೂ-ಪೆರೂಜ್‌ನಲ್ಲಿ ಇಳಿದರೆ ಮುಂದೆ ಪೂರ್ತಿ ಏರು. ಭಾನುವಾರ ಒಂದು ಟ್ಯಾಕ್ಸಿಯೂ ಸಿಗಲಿಲ್ಲ. ಮಗುವನ್ನು ಸ್ಟ್ರಾಲರ್ ಗಾಡಿಯಲ್ಲಿ ಕೂರಿಸಿಕೊಂಡು ತಳ್ಳಿದೆವು. ಕೋಟೆ ಬಾಗಿಲು ದಾಟಿದ ಮೇಲೆ ಬೀದಿ ತುಂಬಾ ಹೊಳೆಯ ಗುಂಡುಕಲ್ಲು. ಒಂದರ ಪಕ್ಕ ಒಂದು, ಮೊಟ್ಟೆ ಜೋಡಿಸಿಟ್ಟ ಹಾಗೆ. ಮುಂದಿನ ಚಕ್ರ ಎರಡು ಕಲ್ಲುಗಳ ಮಧ್ಯೆ ಸಿಕ್ಕಿಕೊಂಡು ಅಚ್ಚು ಮುರಿಯಿತು. ಹೊಸ ಚಕ್ರ 34 ಯೂರೋ, ಕಳಿಸೋಕೆ ಮತ್ತೆ 9. ಗಾಡಿ ಕೊಂಡ ಅಂಗಡಿಯವರು ವಾರಂಟಿ ಇಲ್ಲ ಅಂದರು. ವಾಪಸ್ ಬರುವಾಗ ಮಗು ಹೆಂಡತಿಯ ಸೊಂಟದ ಮೇಲೆ, ಮುರಿದ ಗಾಡಿ ನನ್ನ ಹೆಗಲ ಮೇಲೆ. ಬರೀ ರೈಲು, ಕಾಫಿ, ಚಕ್ರಕ್ಕೇ 85 ದಾಟಿತು.

ಧಾರವಾಡದ ಸೊಸೆ: ಸ್ಟ್ರಾಲರ್ ಅಪ್ಪನವರೇ, ಚಕ್ರ ಮುರಿದರೆ ಊರಿನ ತಪ್ಪಾ? ನಮ್ಮ ಅತ್ತೆಗೂ ಮಂಡಿ ನೋವು. ಕಾರಲ್ಲಿ ಹೋಗಿ ಗೋಡೆ ಹೊರಗೆ ನಿಲ್ಲಿಸಿ, ಕೈ ಹಿಡಿದು ನಿಧಾನಕ್ಕೆ ನಡೆಸಿದೆ. ಚೌಕದಲ್ಲಿ 1792ರಲ್ಲಿ ನೆಟ್ಟ ಲಿಂಡೆನ್ ಮರ ಇದೆ. ಅದರ ಕೆಳಗೆ ಕೂತು ಅತ್ತೆ ಎದ್ದೇಳಲಿಲ್ಲ. ರಾತ್ರಿ ಅಲ್ಲೇ ಉಳಿದೆವು, ರೂಮಿಗೆ 160. ದುಬಾರಿನೇ, ಆದರೆ ಸಂಜೆ ಬಸ್ಸುಗಳು ಹೊರಟ ಮೇಲೆ ಇಡೀ ಬೀದಿ ನಮ್ಮದೇ. ನನಗೆ ಒಂದು ಪೈಸೆ ಬೇಜಾರಿಲ್ಲ.

ಕಲ್ಲುಗೋಡೆ: ದುಡ್ಡು ಕೊಟ್ಟು ರಿಪೇರಿ ಮಾಡಿದ ಊರು ನೋಡೋದ್ಯಾಕೆ? ದಕ್ಷಿಣ ಫ್ರಾನ್ಸ್‌ನ ಕಾರ್ಕಸೋನ್‌ಗೆ ಹೋಗಿ. 52 ಗೋಪುರ, ಎರಡು ಸುತ್ತು ಗೋಡೆ. ಅದು ನಿಜವಾದ ಕೋಟೆ.

ಧಾರವಾಡದ ಸೊಸೆ: ಅದೇನು ರಿಪೇರಿ ಆಗಿಲ್ವಾ? 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕೈಯಿಟ್ಟ ಜಾಗ ಅದು. ಆ ಚೂಪು ಸ್ಲೇಟ್ ಚಾವಣಿ ದಕ್ಷಿಣದ್ದಲ್ಲ ಅಂತ ಇವತ್ತಿಗೂ ಜಗಳ ಇದೆ. ಪೆರೂಜ್ ನೇಕಾರರ ಊರು. ರೈಲು ದೂರದಲ್ಲಿ ಹೋಯಿತು, ಜನ ಬಿಟ್ಟು ಹೋದರು, ಮನೆಗಳನ್ನು ಕೆಡವತೊಡಗಿದರು. 1911ರಲ್ಲಿ ಸಮಿತಿ ಕಟ್ಟಿ ಉಳಿಸಿದರು. ಉಳಿಸಿದ್ದೇ ತಪ್ಪು ಅನ್ನೋದಾದರೆ ನೋಡೋಕೆ ಏನಿರುತ್ತಿತ್ತು?

ಕಲ್ಲುಗೋಡೆ: ನಾನು ತಪ್ಪು ಅಂದಿಲ್ಲ. ಸುಮ್ನೆ ಮಾತು ತಿರುಗಿಸಬೇಡಿ. ನಾವು ಕಾರ್ಕಸೋನ್‌ನಲ್ಲಿ ಗೋಡೆ ಮೇಲೆ ನಡೆದೆವು, ಕೋಟೆಯ ಟಿಕೆಟ್ ತಗೊಂಡು. ಬೆಲೆ ಬಾಳುತ್ತೆ.

ಸ್ಟ್ರಾಲರ್ ಅಪ್ಪ: ಲಿಯೋನ್‌ನಿಂದ ಕಾರ್ಕಸೋನ್ ಅರ್ಧ ದಿನದ ಮಾತಾ? ಅವರು ಕೇಳಿದ್ದು ಮಂಡಿ ನೋವಿನ ಅಮ್ಮನ ಬಗ್ಗೆ. ಗೋಡೆ ಹತ್ತಿಸುತ್ತೀರಾ?

ಉಡುಪಿ ಅಡಿಗೆ: ಸಸ್ಯಾಹಾರಿಗಳಿಗೆ ಒಂದು ಮಾತು. ಅಲ್ಲಿನ ಗ್ಯಾಲೆಟ್ ಅಂದರೆ ತೆಳು ಹಿಟ್ಟಿನ ಮೇಲೆ ಬೆಣ್ಣೆ, ಸಕ್ಕರೆ. ಅಂಚು ಗರಿಗರಿ, ಮಧ್ಯೆ ಸಕ್ಕರೆ ಪಾಕವಾಗಿ ಬೆರಳಿಗೆ ಅಂಟುತ್ತೆ. ಆದರೆ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ನಮ್ಮ ಅಮ್ಮನಿಗೆ ತಿಂದ ಮೇಲೆ ಗೊತ್ತಾಯಿತು. ಎರಡು ದಿನ ಮಾತಾಡಲಿಲ್ಲ. ನಾಲ್ಕು ತುಂಡಿಗೆ ಕೊಟ್ಟ ದುಡ್ಡಿಗಿಂತ ಅದೇ ಜಾಸ್ತಿ ನೋವು.

ಧಾರವಾಡದ ಸೊಸೆ: ಮೊದಲೇ ಕೇಳಬೇಕಿತ್ತು ಅಲ್ವಾ?

ಉಡುಪಿ ಅಡಿಗೆ: ಕೇಳಿದೆ ರೀ. ಮಾಂಸ ಇಲ್ಲ ಅಂದರು. ಅವರ ಲೆಕ್ಕದಲ್ಲಿ ಮೊಟ್ಟೆ ಮಾಂಸ ಅಲ್ಲ. ಗೊತ್ತಿಲ್ಲದೆ ಬುದ್ಧಿ ಹೇಳಬೇಡಿ.

ಹಾಸನದ ಹುಡುಗಿ: ಕಾರ್ ಬಾಡಿಗೆಗೆ ತಗೊಳ್ಳುತ್ತೇವೆ. ಅಮ್ಮ ಮೊಟ್ಟೆ ತಿನ್ನುತ್ತಾರೆ.