ಪದಚರ್ಚೆ: ‘ಇನ್‌ಬ್ರೆಡ್ ಸ್ಟ್ರೇನ್’ ಇಲಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬೊಜ್ಜಿನ ಸಂಶೋಧನೆಯ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬೊಜ್ಜಿನ ಇಲಿಗಳ ವಿಷಯ ಅದು. ಅಲ್ಲಿನ ವಿಸ್ಟಾರ್ ಇಲಿಗಳಲ್ಲಿ (ಪ್ರಯೋಗಕ್ಕೆಂದು ಸಾಕುವ ಬಿಳಿ ಇಲಿಗಳು) ತಾನಾಗಿಯೇ ಕಾಣಿಸಿಕೊಂಡ ಈ ತಳಿಯ ವರದಿ ಬಂದದ್ದು 1996ರಲ್ಲಿ. ‘ಇನ್‌ಬ್ರೆಡ್ ಸ್ಟ್ರೇನ್’ ಎಂಬ ಮಾತಿನ ಹತ್ತಿರ ನನ್ನ ಕೆಲಸ ನಿಂತುಬಿಟ್ಟಿದೆ.

ಅರ್ಥ ಇಷ್ಟು: ಒಂದೇ ಸೂಲಿನ ಗಂಡು-ಹೆಣ್ಣು ಮರಿಗಳನ್ನು ಕೂಡಿಸುತ್ತಾರೆ. ಅವುಗಳ ಮರಿಗಳಲ್ಲೂ ಹಾಗೇ. ಹೀಗೆ ಕಡಿಮೆಯೆಂದರೂ 20 ತಲೆಮಾರು. ಅಷ್ಟು ಹೊತ್ತಿಗೆ ಇಲಿಗಳು ಹೆಚ್ಚುಕಡಿಮೆ ಅವಳಿಜವಳಿಗಳಂತೆ ಆಗಿರುತ್ತವೆ. ಆಗ ಒಂದು ಗುಂಪಿಗೆ ಜಾಸ್ತಿ ಕೊಬ್ಬಿನ ತಿಂಡಿ ಕೊಟ್ಟು ಅದು ದಪ್ಪಗಾದರೆ, ಅದು ತಿಂಡಿಯಿಂದಲೇ ಎಂದು ಧೈರ್ಯವಾಗಿ ಹೇಳಬಹುದು.

ಮೊದಲು ‘ಶುದ್ಧ ತಳಿ’ ಎಂದು ಬರೆದೆ. ಆಮೇಲೆ ಹೊಡೆದು ಹಾಕಿದೆ. ‘ಶುದ್ಧ’ ಅಂದರೆ ಹೊಗಳಿದ ಹಾಗೆ, ಅಲ್ವಾ? ಹೈದರಾಬಾದಿನ ಬೊಜ್ಜಿನ ಇಲಿಗಳು ವಿಪರೀತ ತಿನ್ನುತ್ತವೆ, ರಕ್ತದಲ್ಲಿ ಇನ್ಸುಲಿನ್ನೂ ಕೊಬ್ಬೂ ಏರಿರುತ್ತವೆ. ಬೊಜ್ಜಿನವಕ್ಕೆ ಮರಿಯಾಗುವುದಿಲ್ಲ. ಹಾಗಾಗಿ ಬೊಜ್ಜು ತರುವ ಜೀನಿನ ದೋಷವನ್ನು ಒಳಗೆ ಹೊತ್ತೂ ಅಷ್ಟು ದಪ್ಪಗಾಗದ ಇಲಿಗಳನ್ನು ಕೂಡಿಸಿ ವಂಶ ಉಳಿಸುತ್ತಾರೆ. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದರೂ, ಆ ಒಂದು ದೋಷದಿಂದಾಗಿ ಒಂದೇ ಸೂಲಿನಲ್ಲಿ ದಪ್ಪನೆಯದೂ ತೆಳ್ಳನೆಯದೂ ಹುಟ್ಟುತ್ತವೆ. ದಪ್ಪ ಇಲಿಯನ್ನು ಹೋಲಿಸಿ ನೋಡುವುದು ಅದರ ತೆಳ್ಳನೆಯ ಒಡಹುಟ್ಟಿನ ಜೊತೆಗೇ.

‘ರಕ್ತಸಂಬಂಧದ ತಳಿ’ ಬೇಡವೆನಿಸಿತು. ಸೋದರಮಾವನಿಗೆ ಕೊಟ್ಟ ಮದುವೆಗೆ ಡಾಕ್ಟರುಗಳು ಬಳಸುವ ಮಾತದು. ಓದುವವರ ಮನಸ್ಸು ಸುಮ್ನೆ ನೋಯುತ್ತದೆ. ‘ಒಳತಳಿ’ ಚಿಕ್ಕದಾಗಿ ಚೆನ್ನಾಗಿದೆ. ಆದರೆ ಅಕ್ಕನಿಗೆ ಓದಿ ಹೇಳಿದರೆ, “ತಳಿಯೊಳಗೆ ಇನ್ನೊಂದು ತಳಿಯಾ?” ಎಂದು ಕೇಳಿದಳು.

ಈಗ ನನ್ನ ಒಲವು ‘ಒಡಹುಟ್ಟು ತಳಿ’ಯ ಕಡೆಗೆ. ಹೇಗೆ ಬೆಳೆಸಿದ್ದು ಎಂಬುದನ್ನು ಪದವೇ ಹೇಳುತ್ತದೆ. ಒಂದು ಅಳುಕೂ ಇದೆ. ಒಡಹುಟ್ಟುಗಳನ್ನು ಕೂಡಿಸಿದ್ದಕ್ಕೇ ಬೊಜ್ಜು ಬಂತು ಎಂದು ಓದುಗರು ತಿಳಿಯಬಾರದು. ಬೊಜ್ಜು ಬಂದದ್ದು ಒಂದು ಜೀನಿನ ದೋಷದಿಂದ. ಬ್ರೌನ್ ನಾರ್ವೆ ಇಲಿಯೂ ಇದೇ ರೀತಿ ಬೆಳೆಸಿದ ತಳಿ, ಅದಕ್ಕೆ ಈ ಬೊಜ್ಜಿಲ್ಲ. 1961ರಲ್ಲಿ ವರದಿಯಾದ ಅಮೆರಿಕದ ಜುಕರ್ ಇಲಿಗೆ ಬೊಜ್ಜಿದೆ, ಆದರೆ ಅದು ಮೂಲದಲ್ಲಿ ಇನ್‌ಬ್ರೆಡ್ ಅಲ್ಲ. ಅದಕ್ಕೇ ‘ಬೊಜ್ಜಿನ ಇಲಿ’ ಬೇರೆ, ‘ಒಡಹುಟ್ಟು ತಳಿ’ ಬೇರೆ ಎಂದು ಇಟ್ಟುಕೊಳ್ಳಬೇಕು.

ಲೇಖನದಲ್ಲಿ ಬರುವ ‘ಮೆಟಬಾಲಿಕ್ ಸಿಂಡ್ರೋಮ್’ ಹಾಗೇ ಇರಲಿ ಎಂದುಕೊಂಡಿದ್ದೇನೆ. ಸೊಂಟದ ಬೊಜ್ಜು, ಬಿಪಿ, ಸಕ್ಕರೆ, ರಕ್ತದ ಕೊಬ್ಬಿನ ಏರುಪೇರು ಒಟ್ಟಿಗೆ ಬರುವುದು ಎಂದು ಒಂದು ಸಲ ಬಿಡಿಸಿ ಹೇಳಿದರೆ ಸಾಕು.

ಇನ್ನೊಂದು ತೊಡಕು: ರ‍್ಯಾಟೂ ಇಲಿ, ಮೌಸೂ ಇಲಿ! ಹಸಿವನ್ನು ತಗ್ಗಿಸುವ ಹಾರ್ಮೋನು ಲೆಪ್ಟಿನ್, ಅದರ ಜೀನ್ 1994ರಲ್ಲಿ ಸಿಕ್ಕಿದ್ದು ಮೌಸಿನಲ್ಲಿ. ಜುಕರ್ ರ‍್ಯಾಟಿನಲ್ಲಿ ಕೆಟ್ಟಿರುವುದು ಆ ಲೆಪ್ಟಿನ್ನನ್ನು ಹಿಡಿಯುವ ಗ್ರಾಹಕ (ರಿಸೆಪ್ಟರ್). ಎರಡೂ ಒಂದೇ ಪುಟದಲ್ಲಿ ಬರುತ್ತವೆ. ಮೌಸಿಗೆ ‘ಸುಂಡಿಲಿ’ ಎಂದರೆ ನಿಮ್ಮ ಕಡೆ ಅರ್ಥವಾಗುತ್ತದೆಯೇ?

ರೇಷ್ಮೆ ಕೆಲಸದವರು ‘ಮಿಶ್ರತಳಿ’, ‘ದ್ವಿತಳಿ’ ಎಂದು ಲೀಲಾಜಾಲವಾಗಿ ಬಳಸುತ್ತಾರೆ. ಬಿತ್ತನೆ ಗೂಡಿಗಾಗಿ ಒಂದೇ ವಂಶದೊಳಗೆ ಬೆಳೆಸುವುದಕ್ಕೆ ಅಲ್ಲಿ ಯಾವ ಮಾತಿದೆ? ಬಲ್ಲವರು ದಯವಿಟ್ಟು ತಿಳಿಸಿ.